ಕಳವಾದದ್ದೆಷ್ಟು, ಕಂಡದ್ದೆಷ್ಟು?

2012ರ ಜೂನ್ ತಿಂಗಳ ಮೊದಲ ವಾರದಲ್ಲಿ ರಷ್ಯದ ಜಾಲತಾಣವೊಂದರಲ್ಲಿ ದೊಡ್ಡ ಕಡತವೊಂದು ಕಾಣಿಸಿಕೊಂಡಿತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಇ-ಮೇಲ್ ವಿಳಾಸವೂ ಇರಲಿಲ್ಲ. ಇದ್ದದ್ದು ಸಾಲುಸಾಲಾಗಿ ಜೋಡಿಸಿದ ಸುಮಾರು 65 ಲಕ್ಷ ಸಂಕೇತಗಳು ಮಾತ್ರ. ಇವನ್ನು ಬಿಡಿಸಲು ನೆರವಾಗಿ ಎಂಬ ಕೋರಿಕೆಯೊಡನೆ ಅದನ್ನು ಅಲ್ಲಿ ಇಡಲಾಗಿತ್ತು. ಅವು ಲಿಂಕ್ಡ್‌ಇನ್ ಸಂಸ್ಥೆಯ ಸದಸ್ಯರ ಪಾಸ್‌ವರ್ಡ್‌ಗಳ, ಅಂದರೆ ಗುಪ್ತಪದಗಳ, ಸಂಕೇತರೂಪಗಳೆಂದು ಬೇಗನೆ ತಿಳಿದುಬಂತು. ಉದ್ಯೋಗಸ್ಥರು ತಮ್ಮ ವಿದ್ಯಾರ್ಹತೆ, ಅನುಭವಗಳನ್ನು ಪ್ರಕಟಿಸಿ ಪರಸ್ಪರ ಸಂಪರ್ಕ ಬೆಳೆಸಿಕೊಳ್ಳುವ ಈ ಸೇವೆಗೆ ಆಗ ಸುಮಾರು 16 ಕೋಟಿ ಸದಸ್ಯರಿದ್ದರು.

ಜೂನ್ 6ರಂದು ಸಂಸ್ಥೆ ಸುದ್ದಿಯನ್ನು ಒಪ್ಪಿಕೊಂಡಿತು. ಪಟ್ಟಿಯಲ್ಲಿದ್ದ ಗುಪ್ತಪದಗಳ ಪೈಕಿ ಅಪಾಯವೆಂದು ತಾನು ಭಾವಿಸಿದವನ್ನು ರದ್ದುಮಾಡಿತು. ಆ ಸದಸ್ಯರಿಗೆ ಪತ್ರ ಬರೆಯಿತು. ಉಳಿದ ಎಲ್ಲರಿಗೂ ಗುಪ್ತಪದ ಬದಲಿಸಿಕೊಳ್ಳುವಂತೆ ಸಲಹೆ ನೀಡಿತು. ವಿಷಯ ಅಲ್ಲಿಗೆ ಮುಗಿಯಿತೆಂದು ಬಹುಮಂದಿ ತಿಳಿದರು.

ಆದರೆ 2016ರ ಮೇ ತಿಂಗಳಲ್ಲಿ, ಅದೇ 2012ರ ಕಳವಿನ ಇನ್ನೊಂದು ಕಂತು ಮಾರಾಟಕ್ಕೆ ಬಂತು. ಕೇಳಿದ ಬೆಲೆ 5 ಬಿಟ್‌ಕಾಯಿನ್. ಈ ಸಲ ಇ-ಮೇಲ್ ವಿಳಾಸ ಮತ್ತು ಗುಪ್ತಪದದ ಸಂಕೇತ ಎರಡೂ ಜೊತೆಯಾಗಿದ್ದ ದಾಖಲೆಗಳು ಸುಮಾರು 11.7 ಕೋಟಿ! 65 ಲಕ್ಷವೆಲ್ಲಿ, 11.7 ಕೋಟಿಯೆಲ್ಲಿ? ಸುಮಾರು 18 ಪಟ್ಟು ವ್ಯತ್ಯಾಸ. ಆಗ ಸಂಸ್ಥೆ, 2012ಕ್ಕೆ ಮುಂಚೆ ತೆರೆದು ಅಲ್ಲಿಂದಾಚೆಗೆ ಗುಪ್ತಪದ ಬದಲಿಸದೆ ಇದ್ದ ಖಾತೆಗಳ ಗುಪ್ತಪದಗಳನ್ನೆಲ್ಲ ರದ್ದುಗೊಳಿಸಿತು. ಮೊದಲ ವಾರದಲ್ಲೇ ಮಾಡಬಹುದಾಗಿದ್ದ ಕೆಲಸ ನಾಲ್ಕು ವರ್ಷಗಳ ನಂತರ ಆಯಿತು.

ಈ ಪ್ರಕರಣದ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಕಳ್ಳನ ಜಾಣ್ಮೆಯನ್ನೋ ಬಳಕೆದಾರರ ಅಲಕ್ಷ್ಯವನ್ನೋ ಕುರಿತವು. ಇಲ್ಲಿ ವಿಮರ್ಶೆಗೆ ತೆಗೆದುಕೊಳ್ಳುವುದು ಬೇರೆಯೇ ಒಂದು ಅಂಶವನ್ನು. ಅದು ಆ 65 ಲಕ್ಷ ಎಂಬ ಸಂಖ್ಯೆ. ಅಳತೆಯ ವಿಷಯದಲ್ಲಿ ನಾವು ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಒಂದು ಪ್ರಾಥಮಿಕ ಎಚ್ಚರಿಕೆಯನ್ನು ಮರೆತದ್ದರಿಂದ ಕೋಟಿಗಟ್ಟಲೆ ಖಾತೆಗಳು ಕಾವಲಿಲ್ಲದೆ ಉಳಿದವು ಎಂಬುದು ನನ್ನ ವಾದ.

ಕೆಳಮಿತಿ ಮತ್ತು ಬೆಲೆ

ಪ್ರೋಟಾನ್ ಎಂದಾದರೂ ಕ್ಷಯಿಸುತ್ತದೆಯೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು 1980ರ ದಶಕದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಪ್ರಯೋಗ ನಡೆಸಿದ್ದು ನಿಮಗೆ ತಿಳಿದಿರಬಹುದು. ಆಮೇಲೆ ಜಪಾನಿನ ಸೂಪರ್ ಕಾಮಿಯೊಕಾಂಡೆಯಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಹುಡುಕಾಟ ನಡೆಯಿತು. ಖಚಿತವಾದ ಕ್ಷಯ ಈವರೆಗೆ ಕಂಡಿಲ್ಲ. ಆದ್ದರಿಂದ ಭೌತವಿಜ್ಞಾನಿಗಳು ಹೇಳುವುದಿಷ್ಟು: ಒಂದು ನಿರ್ದಿಷ್ಟ ಬಗೆಯ ಕ್ಷಯಕ್ಕೆ ಪ್ರೋಟಾನಿನ ಆಯುಷ್ಯ 10ರ 34ನೇ ಘಾತ ವರ್ಷಗಳಿಗಿಂತ ಹೆಚ್ಚು. ‘ಹೆಚ್ಚು’ ಎಂಬ ಪದವನ್ನು ಗಮನಿಸಿ. ಇದು ಕೆಳಮಿತಿ, ಆಯುಷ್ಯದ ಬೆಲೆಯಲ್ಲ. ಕೆಳಮಿತಿಯನ್ನು ಬೆಲೆಯೆಂದು ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ.

ಕಳವಿನ ಲೆಕ್ಕವೂ ಇಂಥದೇ. ಕಳ್ಳನೊಬ್ಬ ಸಂತೆಯಲ್ಲಿ ಹತ್ತು ಚೀಲ ಅಡಿಕೆ ಮಾರುತ್ತಿರುವುದು ಕಂಡರೆ, ಗೋದಾಮಿನಿಂದ ಹೋದದ್ದು ಕನಿಷ್ಠ ಹತ್ತು ಚೀಲ ಎಂದು ಹೇಳಬಹುದೇ ಹೊರತು ಹತ್ತೇ ಚೀಲ ಎನ್ನಲಾಗದು. ಲಿಂಕ್ಡ್‌ಇನ್ ಪ್ರಕರಣದಲ್ಲಿ ಕಂಡದ್ದು 65 ಲಕ್ಷ ಸಾಲುಗಳು. ಸುದ್ದಿಯಲ್ಲಿ ಅದು ‘65 ಲಕ್ಷ ಸದಸ್ಯರ ಗುಪ್ತಪದ ಕಳವು’ ಎಂದಾಯಿತು. ಸುದ್ದಿಗಾರರ ಮಾತು ಇರಲಿ. ಸಂಸ್ಥೆಯ ರಕ್ಷಣಾಕ್ರಮ ಕೂಡ ಆ ಪಟ್ಟಿಯ ಅಂಚಿನಲ್ಲೇ ನಿಂತಿತು ಎಂಬುದು ಗಂಭೀರ ವಿಷಯ. ಪಟ್ಟಿಯಲ್ಲಿದ್ದವರಿಗೆ ಕಡ್ಡಾಯ, ಉಳಿದವರಿಗೆ ಸಲಹೆ. ಸಲಹೆಯನ್ನು ಎಷ್ಟು ಜನ ಪಾಲಿಸುತ್ತಾರೆ ಎಂಬುದನ್ನು ತರಗತಿಯಲ್ಲಿ ಪಾಠ ಮಾಡುವ ನಾವು ಚೆನ್ನಾಗಿ ಬಲ್ಲೆವು.

ಹ್ಯಾಶ್ ಎಂದರೇನು?

ಮುಂದಿನ ವಾದ ಅರ್ಥವಾಗಬೇಕಾದರೆ ಗುಪ್ತಪದಗಳನ್ನು ಇಟ್ಟುಕೊಳ್ಳುವ ಬಗೆಯನ್ನು ತಿಳಿಯಬೇಕು. ಯಾವ ಒಳ್ಳೆಯ ಸೇವೆಯೂ ನಿಮ್ಮ ಗುಪ್ತಪದವನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಅದನ್ನು ಒಂದು ಗಣಿತ ಕ್ರಿಯೆಗೆ ಒಳಪಡಿಸಿ ಬರುವ ಫಲಿತಾಂಶವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಈ ಫಲಿತಾಂಶಕ್ಕೆ ಹ್ಯಾಶ್ ಎಂದು ಹೆಸರು. ಗುಪ್ತಪದದಿಂದ ಹ್ಯಾಶ್ ಪಡೆಯುವುದು ಸುಲಭ, ಹ್ಯಾಶ್‌ನಿಂದ ಗುಪ್ತಪದಕ್ಕೆ ಹಿಂತಿರುಗುವ ದಾರಿ ಇಲ್ಲ. ಹಿಟ್ಟಿನಿಂದ ಮತ್ತೆ ರಾಗಿಯ ಕಾಳನ್ನು ಮಾಡಲಾಗದ ಹಾಗೆ. ನೀವು ಪ್ರತಿ ಸಲ ಗುಪ್ತಪದ ಕೊಟ್ಟಾಗಲೂ ಸೇವೆ ಅದನ್ನು ಹೊಸದಾಗಿ ಬೀಸಿ, ಬಂದ ಹಿಟ್ಟು ತನ್ನಲ್ಲಿರುವುದರೊಡನೆ ತಾಳೆಯಾಗುತ್ತದೆಯೆ ಎಂದು ನೋಡುತ್ತದೆ.

ಲಿಂಕ್ಡ್‌ಇನ್ ಬಳಸಿದ್ದು ಎಸ್‌ಎಚ್‌ಎ-1 ಎಂಬ ಹ್ಯಾಶ್ ಕ್ರಿಯೆಯನ್ನು. ಇದರ ಫಲಿತಾಂಶ 160 ಬಿಟ್‌ಗಳದ್ದು. ಹದಿನಾರರ ಆಧಾರದ ಸಂಖ್ಯಾಪದ್ಧತಿಯಲ್ಲಿ ಬರೆದರೆ 40 ಚಿಹ್ನೆಗಳು. ಕ್ರಿಯೆ ಎಲ್ಲರಿಗೂ ಒಂದೇ ಆದ್ದರಿಂದ ಇಬ್ಬರು ಒಂದೇ ಗುಪ್ತಪದ ಇಟ್ಟುಕೊಂಡಿದ್ದರೆ ಅವರ ಹ್ಯಾಶ್ ಕೂಡ ಒಂದೇ ಆಗಿರುತ್ತದೆ. ಕಳ್ಳನಿಗೆ ಇದೇ ಅನುಕೂಲ. ಅವನು ಹ್ಯಾಶ್‌ನಿಂದ ಹಿಂದಕ್ಕೆ ಹೋಗುವುದಿಲ್ಲ. ಸಂಭವನೀಯ ಗುಪ್ತಪದಗಳನ್ನು ಒಂದೊಂದಾಗಿ ಬೀಸುತ್ತಾ ಹೋಗಿ, ಬಂದ ಹ್ಯಾಶ್ ಪಟ್ಟಿಯಲ್ಲಿ ಎಲ್ಲಾದರೂ ಇದೆಯೆ ಎಂದು ಹುಡುಕುತ್ತಾನೆ. ಒಂದು ಊಹೆ ಸರಿಯಾದರೆ ಅದೇ ಗುಪ್ತಪದವುಳ್ಳ ಎಲ್ಲರ ಬೀಗವೂ ಒಮ್ಮೆಗೇ ತೆರೆಯುತ್ತದೆ.

ಇದನ್ನು ತಡೆಯಲು ಪ್ರತಿ ಬಳಕೆದಾರನ ಗುಪ್ತಪದಕ್ಕೂ ಬೇರೆಬೇರೆಯಾದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಬೆರೆಸಿ ಆಮೇಲೆ ಬೀಸಬೇಕು. ಈ ಸಂಖ್ಯೆಯನ್ನು ಸಾಲ್ಟ್, ಅಂದರೆ ಉಪ್ಪು ಎಂದು ಕರೆಯುತ್ತಾರೆ. ಉಪ್ಪು ಬೆರೆತರೆ ಒಂದೇ ಗುಪ್ತಪದಕ್ಕೂ ಇಬ್ಬರಲ್ಲಿ ಎರಡು ಬೇರೆ ಹ್ಯಾಶ್‌ಗಳು. ಕಳ್ಳ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ದುಡಿಯಬೇಕಾಗುತ್ತದೆ. ಇದೇನೂ ಹೊಸ ಉಪಾಯವಲ್ಲ. ಯೂನಿಕ್ಸ್ ವ್ಯವಸ್ಥೆಗಾಗಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಇದನ್ನು ವಿವರಿಸಿ ಪ್ರಬಂಧ ಪ್ರಕಟಿಸಿದ್ದರು. 2012ರಲ್ಲಿ ಸೋರಿದ ಲಿಂಕ್ಡ್‌ಇನ್ ಪಟ್ಟಿಯಲ್ಲಿ, 33 ವರ್ಷ ಹಳೆಯದಾದ ಈ ಚಿಟಿಕೆ ಉಪ್ಪು ಇರಲಿಲ್ಲ. ಈಚೆಗೆ ಉಪ್ಪು ಬೆರೆಸುವ ವ್ಯವಸ್ಥೆ ಮಾಡಿಕೊಂಡಿದ್ದೇವೆ ಎಂದು ಸಂಸ್ಥೆ ಆಗ ಹೇಳಿತು. ಆದರೆ ಕಳ್ಳನ ಕೈ ಸೇರಿದ್ದು ಉಪ್ಪಿಲ್ಲದ ಪಟ್ಟಿ.

ಒಂದು ಸಾಲು, ಎಷ್ಟು ಜನ?

ಈಗ ಮತ್ತೆ 65 ಲಕ್ಷಕ್ಕೆ ಬರೋಣ. ಅದು ಕೆಳಮಿತಿ ಮಾತ್ರ ಎಂಬುದಕ್ಕೆ ಸಾಕ್ಷ್ಯ 2016ರವರೆಗೆ ಕಾಯಬೇಕಾಗಿರಲಿಲ್ಲ. ಅದು ಆ ಕಡತದೊಳಗೇ ಇತ್ತು.

ಮೊದಲನೆಯ ಸಾಕ್ಷ್ಯ, ಪಟ್ಟಿಯಲ್ಲಿ ಒಂದೇ ಹ್ಯಾಶ್ ಮತ್ತೆ ಮತ್ತೆ ಬಂದಿರಲಿಲ್ಲ. ಉಪ್ಪಿಲ್ಲದ ಹ್ಯಾಶ್‌ಗಳಲ್ಲಿ ಇದು ಸಹಜವಲ್ಲ. ಜನ ಒಂದೇ ಬಗೆಯ ಗುಪ್ತಪದಗಳನ್ನು ಇಟ್ಟುಕೊಳ್ಳುವುದು ಪ್ರಸಿದ್ಧ. 2016ರಲ್ಲಿ ಹೊರಬಂದ ದಾಖಲೆಗಳನ್ನು ವಿಶ್ಲೇಷಿಸಿದಾಗ ‘123456’ ಎಂಬ ಒಂದೇ ಗುಪ್ತಪದ ಸುಮಾರು 7.5 ಲಕ್ಷ ಜನರದ್ದಾಗಿತ್ತು! ಅಷ್ಟು ಜನಕ್ಕೂ ಹ್ಯಾಶ್ ಒಂದೇ, ಪಟ್ಟಿಯಲ್ಲಿ ಬರೆದರೆ ಸಾಲೂ ಒಂದೇ. ಅಂದಮೇಲೆ ಯಾರೋ ಪುನರಾವರ್ತನೆಗಳನ್ನು ತೆಗೆದುಹಾಕಿ ಪಟ್ಟಿಯನ್ನು ಸಿದ್ಧಪಡಿಸಿದ್ದರು. ಅದು ಜನರ ಪಟ್ಟಿಯಲ್ಲ, ಗುಪ್ತಪದಗಳ ಪಟ್ಟಿ.

ಇದನ್ನು ತರಗತಿಯಲ್ಲಿ ಹೀಗೆ ತೋರಿಸಬಹುದು. ಒಂದು ಶಾಲೆಯ ಮಕ್ಕಳ ಹುಟ್ಟುಹಬ್ಬದ ದಿನಗಳನ್ನು, ಇಸವಿ ಬಿಟ್ಟು ತಿಂಗಳು ತಾರೀಖು ಮಾತ್ರ, ಪುನರಾವರ್ತನೆ ಇಲ್ಲದೆ ಬರೆಯಿರಿ. ಪಟ್ಟಿಯಲ್ಲಿ 300 ದಿನಗಳಿವೆ ಎನ್ನಿ. ಶಾಲೆಯಲ್ಲಿ 300 ಮಕ್ಕಳಿದ್ದಾರೆ ಎನ್ನಬಹುದೆ? ಖಂಡಿತ ಇಲ್ಲ. ಹುಟ್ಟುಹಬ್ಬಗಳು ವರ್ಷದುದ್ದಕ್ಕೂ ಸಮನಾಗಿ ಹರಡಿವೆ ಎಂದುಕೊಂಡರೆ, ಮಕ್ಕಳ ಸಂಖ್ಯೆಯ ಅಂದಾಜು 365ನ್ನು, 365 ಭಾಗಿಸು 65ರ ಸ್ವಾಭಾವಿಕ ಲಾಗರಿತಮ್‌ನಿಂದ ಗುಣಿಸಿದಷ್ಟು. ಇಲ್ಲಿ 65 ಎಂಬುದು ಪಟ್ಟಿಯಲ್ಲಿ ಬಾರದ ದಿನಗಳ ಸಂಖ್ಯೆ. ಉತ್ತರ ಸುಮಾರು 630. ಪಟ್ಟಿ ತೋರಿಸಿದ್ದರ ಎರಡು ಪಟ್ಟಿಗಿಂತ ಹೆಚ್ಚು! ಗುಪ್ತಪದಗಳಂತೂ ಹುಟ್ಟುಹಬ್ಬದಂತೆ ಸಮನಾಗಿ ಹರಡಿರುವುದಿಲ್ಲ, ಕೆಲವೇ ಪದಗಳ ಸುತ್ತ ಗುಂಪುಗೂಡಿರುತ್ತವೆ. ಆದ್ದರಿಂದ ಜನಸಂಖ್ಯೆಗೂ ಸಾಲುಗಳ ಸಂಖ್ಯೆಗೂ ಇರುವ ಅಂತರ ಇನ್ನೂ ಹೆಚ್ಚಬಹುದು.

ಎರಡನೆಯ ಸಾಕ್ಷ್ಯ, ಸುಮಾರು 35 ಲಕ್ಷ ಸಾಲುಗಳಲ್ಲಿ ಮೊದಲ ಐದು ಚಿಹ್ನೆಗಳ ಜಾಗದಲ್ಲಿ ಸೊನ್ನೆಗಳಿದ್ದವು. ಆಗಲೇ ಬಿಡಿಸಿದ ಹ್ಯಾಶ್‌ಗಳಿಗೆ ಹಾಕಿದ ಗುರುತು ಅದೆಂದು ಪರಿಶೀಲಿಸಿದವರು ಅರ್ಥಮಾಡಿಕೊಂಡರು. ಅಂದರೆ ಕಡತ ಹೊರಬರುವ ಮೊದಲೇ ಕೆಲಸ ಬಹಳ ದೂರ ಸಾಗಿತ್ತು.

ಮೂರನೆಯದು ಕಡತದೊಡನೆ ಬಂದ ಕೋರಿಕೆಯೇ. ಬಿಡಿಸಲು ನೆರವು ಕೇಳುವವನು ತನಗೆ ಕಷ್ಟವಾದ ಲೆಕ್ಕಗಳನ್ನು ತರುತ್ತಾನೆ, ಸುಲಭವಾದವನ್ನು ತಾನೇ ಮುಗಿಸಿರುತ್ತಾನೆ. ಹೀಗೆ ಆರಿಸಿ ತಂದ ಪಟ್ಟಿ ಇಡೀ ರಾಶಿಯ ನ್ಯಾಯವಾದ ಮಾದರಿಯಾಗಲಾರದು. ವಿಚಿತ್ರವೆಂದರೆ, ದುರ್ಬಲ ಗುಪ್ತಪದವಿದ್ದು ಮೊದಲೇ ಸಿಕ್ಕಿಬಿದ್ದ ಸದಸ್ಯನ ಸಾಲು ಪಟ್ಟಿಯಲ್ಲಿ ಇಲ್ಲದೆ ಹೋಗುವ ಸಂಭವ ಹೆಚ್ಚು. ಪಟ್ಟಿಯನ್ನು ನೆಚ್ಚಿ ರಕ್ಷಣೆಗೆ ಹೊರಟರೆ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವನೇ ಕೈಬಿಟ್ಟುಹೋಗುತ್ತಾನೆ. ಕಳವು ಪ್ರಕಟವಾದ ಆ ವಾರವೇ ಕೆಲವು ಭದ್ರತಾ ತಜ್ಞರು ಇಂಥ ವಾದ ಮುಂದಿಟ್ಟು, ನಿಜವಾದ ಕಳವು 65 ಲಕ್ಷಕ್ಕಿಂತ ದೊಡ್ಡದಿರಬೇಕು ಎಂದಿದ್ದರು.

ಇದೊಂದೇ ಪ್ರಕರಣವಲ್ಲ

ಒಂದು ಸಂಸ್ಥೆ ಒಮ್ಮೆ ಎಡವಿದ್ದನ್ನು ಇಷ್ಟು ಹಿಗ್ಗಿಸಿ ಹೇಳಬೇಕೆ ಎಂದು ನೀವು ಕೇಳಬಹುದು. ಆದರೆ ಅದೇ ಅವಧಿಯ ಇತರ ಪ್ರಕರಣಗಳನ್ನು ಪಕ್ಕದಲ್ಲಿಟ್ಟು ನೋಡಿ.

ಅಡೋಬಿ ಸಂಸ್ಥೆ 2013ರ ಅಕ್ಟೋಬರ್ 3ರಂದು 29 ಲಕ್ಷ ಗ್ರಾಹಕರ ಮಾಹಿತಿ ಕಳವಾಗಿದೆ ಎಂದು ತಿಳಿಸಿತು. ಅದೇ ತಿಂಗಳ ಕೊನೆಗೆ 3.8 ಕೋಟಿ ಸಕ್ರಿಯ ಬಳಕೆದಾರರ ಗುಪ್ತಪದಗಳು ಹೋಗಿರುವುದಾಗಿ ಹೇಳಿತು. ಬಹಿರಂಗಕ್ಕೆ ಬಂದ ಕಡತದಲ್ಲಿದ್ದ ದಾಖಲೆಗಳು 15 ಕೋಟಿಗೂ ಹೆಚ್ಚು. ಇವುಗಳಲ್ಲಿ ಬಹಳಷ್ಟು ಬಳಕೆಯಲ್ಲಿಲ್ಲದ ಖಾತೆಗಳಿದ್ದವು ನಿಜ. ಆದರೆ ಬಳಸದೆ ಬಿಟ್ಟ ಖಾತೆಯ ಗುಪ್ತಪದವನ್ನೇ ಅದರ ಒಡೆಯ ಬೇರೆ ಕಡೆ ಈಗಲೂ ಬಳಸುತ್ತಿರಬಹುದಲ್ಲವೆ? ಅಲ್ಲಿ ಇನ್ನೊಂದು ಲೋಪವೂ ಇತ್ತು. ಗುಪ್ತಪದಗಳನ್ನು ಹ್ಯಾಶ್ ಮಾಡುವ ಬದಲು ಒಂದೇ ಕೀಲಿಯಿಂದ ಗೂಢಲಿಪಿಗೆ ಪರಿವರ್ತಿಸಲಾಗಿತ್ತು, ಮರೆತರೆ ನೆನಪಿಸಲು ಬಳಕೆದಾರರು ಬರೆದುಕೊಂಡ ಸುಳಿವುಗಳನ್ನು ಬಟಾಬಯಲಾಗಿ ಪಕ್ಕದಲ್ಲೇ ಇಡಲಾಗಿತ್ತು. ಒಂದೇ ಗೂಢಲಿಪಿ ಇರುವ ನೂರು ಜನರ ಸುಳಿವುಗಳನ್ನು ಒಟ್ಟಿಗೆ ಓದಿದರೆ ಕೀಲಿಯಿಲ್ಲದೆಯೇ ಒಗಟು ಬಿಡಿಸಬಹುದಿತ್ತು.

ಡ್ರಾಪ್‌ಬಾಕ್ಸ್ 2012ರಲ್ಲಿ, ಕೆಲವೇ ಖಾತೆಗಳಿಗೆ ಅನ್ಯರು ಪ್ರವೇಶಿಸಿದ್ದಾರೆ, ಒಬ್ಬ ನೌಕರನ ಖಾತೆಯಿಂದ ಬಳಕೆದಾರರ ಇ-ಮೇಲ್ ವಿಳಾಸಗಳಿದ್ದ ಕಡತ ಹೋಗಿದೆ ಎಂದಿತು. 2016ರ ಆಗಸ್ಟ್‌ನಲ್ಲಿ ಅದೇ ಕಾಲದ 6.8 ಕೋಟಿ ಖಾತೆಗಳ ವಿಳಾಸ ಮತ್ತು ಹ್ಯಾಶ್‌ಗಳು ಹೊರಬಂದವು. ಯಾಹೂ ಸಂಸ್ಥೆಯದ್ದಂತೂ ಮೆಟ್ಟಿಲು ಮೆಟ್ಟಿಲಾಗಿ ಏರಿದ ಲೆಕ್ಕ. 2014ರ ಕಳವಿನಲ್ಲಿ 50 ಕೋಟಿ ಖಾತೆ ಎಂದು 2016ರ ಸೆಪ್ಟೆಂಬರ್‌ನಲ್ಲಿ, 2013ರಲ್ಲಿ ನಡೆದ ಇನ್ನೊಂದರಲ್ಲಿ 100 ಕೋಟಿ ಎಂದು ಅದೇ ಡಿಸೆಂಬರ್‌ನಲ್ಲಿ ಪ್ರಕಟಿಸಿತು. 2017ರ ಅಕ್ಟೋಬರ್‌ನಲ್ಲಿ ಆ 100 ಕೋಟಿ 300 ಕೋಟಿಯಾಯಿತು, ಅಂದರೆ ಆಗ ಇದ್ದ ಎಲ್ಲ ಖಾತೆಗಳು! 2014ರ ಕಳವನ್ನು ಹೂಡಿಕೆದಾರರಿಂದ ಮುಚ್ಚಿಟ್ಟದ್ದಕ್ಕಾಗಿ 2018ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು 3.5 ಕೋಟಿ ಡಾಲರ್ ದಂಡ ವಿಧಿಸಿದರು.

ಈ ನಾಲ್ಕೂ ಸಂದರ್ಭಗಳಲ್ಲಿ ಮೊದಲು ಹೇಳಿದ ಸಂಖ್ಯೆ ಚಿಕ್ಕದು, ಕೊನೆಯದು ದೊಡ್ಡದು. ಅಳತೆಯಲ್ಲಿ ಆಕಸ್ಮಿಕ ದೋಷವಿದ್ದರೆ ಅದು ಕೆಲವೊಮ್ಮೆ ಹೆಚ್ಚಿನ ಕಡೆಗೂ ಕೆಲವೊಮ್ಮೆ ಕಡಿಮೆಯ ಕಡೆಗೂ ಹೋಗಬೇಕು. ಸದಾ ಒಂದೇ ಕಡೆಗೆ ವಾಲಿದರೆ ಅದು ವ್ಯವಸ್ಥಿತ ದೋಷ. ಕಣ್ಣಿಗೆ ಬಿದ್ದ ಭಾಗವನ್ನೇ ಇಡಿಯೆಂದು ಎಣಿಸುವ ಪದ್ಧತಿಯಲ್ಲಿ ಈ ದೋಷ ಹುದುಗಿದೆ.

ಒಂದು ಗಂಟೆಯೊ, 97 ವರ್ಷವೊ?

ಎಚ್ಚರಿಕೆ ತಡವಾದರೆ ಆಗುವ ನಷ್ಟವೆಷ್ಟು? ಅದು ಗುಪ್ತಪದಗಳನ್ನು ಬೀಸಿಟ್ಟ ಬಗೆಯನ್ನು ಅವಲಂಬಿಸಿದೆ. 2012ರ ಡಿಸೆಂಬರ್‌ನಲ್ಲಿ ನಾರ್ವೆಯ ಆಸ್ಲೊ ನಗರದ ಸಮಾವೇಶವೊಂದರಲ್ಲಿ, 25 ಗ್ರಾಫಿಕ್ಸ್ ಸಂಸ್ಕಾರಕಗಳನ್ನು ಜೋಡಿಸಿದ ಒಂದು ಗಣಕಸಮೂಹದ ಸಾಮರ್ಥ್ಯವನ್ನು ವಿವರಿಸಲಾಯಿತು. ಅದು ಸೆಕೆಂಡಿಗೆ ಸುಮಾರು 6,300 ಕೋಟಿ ಎಸ್‌ಎಚ್‌ಎ-1 ಹ್ಯಾಶ್‌ಗಳನ್ನು ಲೆಕ್ಕಹಾಕಬಲ್ಲದಾಗಿತ್ತು. ಆದರೆ ಬಿಕ್ರಿಪ್ಟ್ ಎಂಬ ಇನ್ನೊಂದು ಹ್ಯಾಶ್ ಕ್ರಿಯೆಯಲ್ಲಿ ಅದರ ವೇಗ ಸೆಕೆಂಡಿಗೆ ಕೇವಲ 71,000.

ಸಂಖ್ಯೆಗಳನ್ನು ಹೋಲಿಸೋಣ. ಇಂಗ್ಲಿಷಿನ ದೊಡ್ಡ ಅಕ್ಷರ 26, ಸಣ್ಣ ಅಕ್ಷರ 26, ಅಂಕಿ 10, ಒಟ್ಟು 62 ಚಿಹ್ನೆಗಳು. ಎಂಟು ಚಿಹ್ನೆಗಳ ಗುಪ್ತಪದಗಳು 62ರ 8ನೇ ಘಾತದಷ್ಟು, ಅಂದರೆ ಸುಮಾರು 218 ಲಕ್ಷ ಕೋಟಿ ಸಾಧ್ಯ. ಎಸ್‌ಎಚ್‌ಎ-1 ಆದರೆ ಇಷ್ಟನ್ನೂ ಪರೀಕ್ಷಿಸಲು ಆ ಯಂತ್ರಕ್ಕೆ 58 ನಿಮಿಷ ಸಾಕು. ಉಪ್ಪಿಲ್ಲದಿದ್ದರೆ ಆ 58 ನಿಮಿಷಗಳಲ್ಲಿ ಎಲ್ಲ ಸದಸ್ಯರ ಎಂಟು ಚಿಹ್ನೆಯ ಗುಪ್ತಪದಗಳೂ ಒಟ್ಟಿಗೆ ಬಯಲು. ಬಿಕ್ರಿಪ್ಟ್ ಆದರೆ? ಒಬ್ಬನೇ ಸದಸ್ಯನಿಗೆ 97 ವರ್ಷ!

ಬಿಕ್ರಿಪ್ಟ್‌ನ ಗುಟ್ಟು ಅದರ ಬೇಕೆಂದೇ ಇಟ್ಟ ನಿಧಾನ. ಬಳಕೆದಾರ ಒಮ್ಮೆ ಪ್ರವೇಶಿಸುವಾಗ ಸೆಕೆಂಡಿನ ಒಂದು ಸಣ್ಣ ಅಂಶ ತಡವಾದರೆ ಅವನಿಗೆ ಗೊತ್ತೂ ಆಗದು. ಕೋಟಿಕೋಟಿ ಊಹೆಗಳನ್ನು ಪರೀಕ್ಷಿಸಬೇಕಾದ ಕಳ್ಳನಿಗೆ ಅದೇ ಬೆಟ್ಟವಾಗುತ್ತದೆ. ಯಂತ್ರಗಳು ವೇಗವಾದಂತೆ ಈ ನಿಧಾನವನ್ನು ಹೆಚ್ಚಿಸಿಕೊಳ್ಳಲೂ ಅವಕಾಶ ಉಂಟು. ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೆರ್ 1999ರಲ್ಲೇ ಇದನ್ನು ಪ್ರಕಟಿಸಿದ್ದರು. ಡ್ರಾಪ್‌ಬಾಕ್ಸ್‌ನ ಸೋರಿಕೆಯಲ್ಲಿ ಸುಮಾರು ಅರ್ಧದಷ್ಟು ಗುಪ್ತಪದಗಳು ಬಿಕ್ರಿಪ್ಟ್ ರೂಪದಲ್ಲಿದ್ದವು. ಆ ಬಳಕೆದಾರರಿಗೆ ಸುದ್ದಿ ನಾಲ್ಕು ವರ್ಷ ತಡವಾಗಿ ತಿಳಿದರೂ ಕಳ್ಳನ ಮುಂದೆ ಗಟ್ಟಿಯಾದ ಗೋಡೆಯೊಂದು ಇತ್ತು. ಲಿಂಕ್ಡ್‌ಇನ್ ಬಳಕೆದಾರರಿಗೆ ಗೋಡೆಯೂ ಇರಲಿಲ್ಲ, ಸುದ್ದಿಯೂ ಇರಲಿಲ್ಲ.

ಒಂದು ತಾಣದ ಗುಪ್ತಪದ ಸಿಕ್ಕಿದ ಕೂಡಲೆ ಕಳ್ಳರು ಅದನ್ನು ಅದೇ ಇ-ಮೇಲ್ ವಿಳಾಸದೊಡನೆ ಬೇರೆ ತಾಣಗಳಲ್ಲಿ ಯಂತ್ರದ ಮೂಲಕ ಪ್ರಯೋಗಿಸುತ್ತಾರೆ. ಒಂದೇ ಕೀಲಿಯಿಂದ ಮನೆ, ಅಂಗಡಿ, ತಿಜೋರಿ ಮೂರನ್ನೂ ತೆರೆಯುವವರು ಎಷ್ಟೋ ಜನ. 2016ರ ಜೂನ್‌ನಲ್ಲಿ ಫೇಸ್‌ಬುಕ್ಕಿನ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ಅವರ ಟ್ವಿಟರ್ ಮತ್ತು ಪಿಂಟರೆಸ್ಟ್ ಖಾತೆಗಳಿಗೆ ನುಗ್ಗಿದ ತಂಡ, ತಮಗೆ ಗುಪ್ತಪದ ಸಿಕ್ಕಿದ್ದು ಲಿಂಕ್ಡ್‌ಇನ್ ಸೋರಿಕೆಯಿಂದ ಎಂದು ಹೇಳಿಕೊಂಡಿತು. ಲಿಂಕ್ಡ್‌ಇನ್ ಮತ್ತು ಡ್ರಾಪ್‌ಬಾಕ್ಸ್ ಎರಡೂ ಕಳವುಗಳಲ್ಲಿ ತಪ್ಪಿತಸ್ಥನೆಂದು ಒಬ್ಬನೇ ರಷ್ಯನ್ ಪ್ರಜೆಗೆ 2020ರಲ್ಲಿ ಅಮೆರಿಕದ ನ್ಯಾಯಾಲಯ 88 ತಿಂಗಳ ಸೆರೆವಾಸ ವಿಧಿಸಿತು. ಅಪರಾಧಿಗೆ ಶಿಕ್ಷೆಯಾಯಿತು, ಹಂಚಿಹೋದ ಪಟ್ಟಿ ಮಾತ್ರ ಹಿಂತಿರುಗಲಿಲ್ಲ.

ಎಲ್ಲರ ಬೀಗ ಬದಲಿಸುವುದು ಸಾಧ್ಯವೆ?

ಸಂಸ್ಥೆಯ ಪರವಾಗಿ ಹೇಳಬೇಕಾದ ಮಾತುಗಳೂ ಇವೆ. ಲಿಂಕ್ಡ್‌ಇನ್ ಸುದ್ದಿಯನ್ನು ತಡಮಾಡದೆ ಒಪ್ಪಿಕೊಂಡಿತು. ಸದಸ್ಯರಿಗೆ ಬರೆದ ಪತ್ರದಲ್ಲಿ ಒತ್ತಬೇಕಾದ ಯಾವ ಕೊಂಡಿಯನ್ನೂ ಇಡದೆ, ನಕಲಿ ಪತ್ರಗಳಿಂದ ಮೋಸಹೋಗದಂತೆ ನೋಡಿಕೊಂಡಿತು. ಇದು ಮೆಚ್ಚತಕ್ಕದ್ದು. 16 ಕೋಟಿ ಜನರನ್ನು ಗುಪ್ತಪದ ಬದಲಿಸುವಂತೆ ಬಲವಂತಪಡಿಸಿದರೆ ಗೊಂದಲವಾಗುತ್ತದೆ, ಕೆಲವರು ಸೇವೆಯನ್ನೇ ಬಿಟ್ಟುಹೋಗುತ್ತಾರೆ ಎಂಬ ವಾದವನ್ನೂ ತಳ್ಳಿಹಾಕಲಾಗದು.

ಆದರೆ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ತೂಗಬೇಕು. ಅಪಾಯವಿಲ್ಲದವನ ಗುಪ್ತಪದವನ್ನು ರದ್ದುಮಾಡಿದರೆ ಅವನಿಗೆ ಐದು ನಿಮಿಷದ ಕಿರಿಕಿರಿ. ಅಪಾಯದಲ್ಲಿರುವವನದನ್ನು ರದ್ದುಮಾಡದೆ ಬಿಟ್ಟರೆ ವರ್ಷಗಟ್ಟಲೆ ಬಾಗಿಲು ತೆರೆದಂತೆ. ಕಳವು ಎಷ್ಟೆಂದು ತಿಳಿಯದಿರುವಾಗ ರಕ್ಷಣೆಯನ್ನು ಕೆಳಮಿತಿಗೆ ತಕ್ಕಂತೆ ಅಲ್ಲ, ಮೇಲುಮಿತಿಗೆ ತಕ್ಕಂತೆ ಯೋಜಿಸಬೇಕು. ಸೇತುವೆ ಕಟ್ಟುವ ಎಂಜಿನಿಯರ್ ನಿನ್ನೆ ಹರಿದ ನೀರನ್ನು ನೋಡಿ ಕಂಬದ ಎತ್ತರ ನಿಶ್ಚಯಿಸುವುದಿಲ್ಲ.

ಇದು ಕಾರ್ಯಸಾಧ್ಯವೆಂಬುದಕ್ಕೆ ಅದೇ ಕಾಲದ ಉದಾಹರಣೆಯೊಂದಿದೆ. 2013ರ ಮಾರ್ಚ್‌ನಲ್ಲಿ ಎವರ್‌ನೋಟ್ ಎಂಬ ಸೇವೆಗೆ ಅತಿಕ್ರಮ ಪ್ರವೇಶವಾಯಿತು. ಅದರ ಗುಪ್ತಪದಗಳು ಹ್ಯಾಶ್ ಆಗಿದ್ದವು, ಉಪ್ಪೂ ಬೆರೆತಿತ್ತು. ಹಾಗಿದ್ದರೂ ಸಂಸ್ಥೆ ತನ್ನ ಸುಮಾರು 5 ಕೋಟಿ ಬಳಕೆದಾರರೆಲ್ಲರ ಗುಪ್ತಪದಗಳನ್ನು ಒಮ್ಮೆಗೇ ರದ್ದುಗೊಳಿಸಿತು. ಯಾರ ಸಾಲು ಎಲ್ಲಿ ಕಂಡಿತು ಎಂದು ಕಾಯಲಿಲ್ಲ.

ನಮ್ಮ ನಾಡಿನಲ್ಲಿ

ಇದು ದೂರದ ಅಮೆರಿಕದ ಕಥೆ ಎಂದು ಸುಮ್ಮನಿರುವಂತಿಲ್ಲ. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ದಿನಸಿ ಮಾರಾಟ ಸೇವೆ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಮಾರಾಟಕ್ಕಿರುವುದು ವರದಿಯಾಯಿತು. ಸಂಸ್ಥೆ ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ನೀಡಿತು. 2021ರ ಏಪ್ರಿಲ್‌ನಲ್ಲಿ ಆ ದತ್ತಾಂಶ ಎಲ್ಲರಿಗೂ ಪುಕ್ಕಟೆಯಾಗಿ ಸಿಗುವಂತಾಯಿತು. ಗುಪ್ತಪದದ ಹ್ಯಾಶ್‌ಗಳ ಜೊತೆಗೆ ಹೆಸರು, ದೂರವಾಣಿ ಸಂಖ್ಯೆ, ಮನೆಯ ವಿಳಾಸ, ಹುಟ್ಟಿದ ದಿನಾಂಕಗಳೂ ಅದರಲ್ಲಿದ್ದವು. ಗುಪ್ತಪದವನ್ನು ಬದಲಿಸಬಹುದು, ಹುಟ್ಟಿದ ದಿನಾಂಕವನ್ನು ಬದಲಿಸುವುದು ಹೇಗೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಸೋರಿಕೆಯಾದಾಗ ಮಂಡಳಿಗೂ ‘ಬಾಧಿತ’ ವ್ಯಕ್ತಿಗಳಲ್ಲಿ ಪ್ರತಿಯೊಬ್ಬರಿಗೂ ತಿಳಿಸಬೇಕೆಂದು ವಿಧಿಸುತ್ತದೆ. ರಕ್ಷಣೆಯ ಕರ್ತವ್ಯದಲ್ಲಿ ತಪ್ಪಿದರೆ 250 ಕೋಟಿ ರೂಪಾಯಿಗಳವರೆಗೆ ದಂಡ ಉಂಟು. ಸ್ವಾಗತಾರ್ಹ ಹೆಜ್ಜೆ. ಆದರೆ ಇಡೀ ವಿಷಯ ಒಂದು ಪದದ ಮೇಲೆ ನಿಂತಿದೆ: ಬಾಧಿತ ಎಂದರೆ ಯಾರು? ಕಳ್ಳ ತೋರಿಸಿದ ಪಟ್ಟಿಯಲ್ಲಿರುವವರೆ, ಅಥವಾ ಕಳ್ಳ ಮುಟ್ಟಬಹುದಾಗಿದ್ದ ದಾಖಲೆಗಳ ಒಡೆಯರೆಲ್ಲರೆ? ಲಿಂಕ್ಡ್‌ಇನ್ ಪ್ರಕರಣ ಕಲಿಸುವ ಪಾಠ ಎರಡನೆಯ ಅರ್ಥದ ಕಡೆಗಿದೆ.

ಓದುಗರು ಮಾಡಬಹುದಾದದ್ದು

ಸಂಸ್ಥೆಗಳು ಕಲಿಯುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ನೀವು ಬಳಸುವ ಸೇವೆಯೊಂದರಲ್ಲಿ ಸೋರಿಕೆಯ ಸುದ್ದಿ ಬಂದರೆ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವೆಂದು ಸಮಾಧಾನಪಡದೆ ನೀವೂ ಬಾಧಿತರೆಂದೇ ಭಾವಿಸಿ. ತಾಣದ ವಿಳಾಸವನ್ನು ನೀವೇ ಬೆರಳಚ್ಚಿಸಿ ಒಳಹೋಗಿ ಗುಪ್ತಪದ ಬದಲಿಸಿ. ಪತ್ರದಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ. ಎಲ್ಲ ಸಾಧನಗಳಿಂದ ನಿರ್ಗಮಿಸುವ ಆಯ್ಕೆ ಇದ್ದರೆ ಬಳಸಿ. ಖಾತೆ ಮರಳಿ ಪಡೆಯಲು ಕೊಟ್ಟ ದೂರವಾಣಿ ಸಂಖ್ಯೆ ಮತ್ತು ಇ-ಮೇಲ್ ನಿಮ್ಮವೇ ಎಂದು ಖಚಿತಪಡಿಸಿಕೊಳ್ಳಿ. ಅದೇ ಗುಪ್ತಪದ ಬೇರೆಲ್ಲಿದೆಯೋ ಅಲ್ಲೂ ಬದಲಿಸಿ. ಮೊದಲು ಬದಲಿಸಬೇಕಾದದ್ದು ಇ-ಮೇಲ್ ಖಾತೆಯದ್ದನ್ನು, ಏಕೆಂದರೆ ಉಳಿದ ಖಾತೆಗಳಿಗೆಲ್ಲ ಹೊಸ ಕೀಲಿ ಬರುವುದು ಅಲ್ಲಿಗೇ.

ಪ್ರತಿ ತಾಣಕ್ಕೂ ಬೇರೆ ಗುಪ್ತಪದ ಬೇಕು. ಅಷ್ಟನ್ನು ನೆನಪಿಡಲಾಗದು, ಆದ್ದರಿಂದ ಗುಪ್ತಪದಗಳನ್ನು ಸೃಷ್ಟಿಸಿ ಇಟ್ಟುಕೊಳ್ಳುವ ತಂತ್ರಾಂಶವನ್ನು ಬಳಸುವುದು ಒಳ್ಳೆಯದು. ಉದ್ದ ಹೆಚ್ಚಿಸುವುದರ ಲಾಭವನ್ನೂ ಲೆಕ್ಕಹಾಕಿ ನೋಡಿ. ಮೇಲಿನ ಯಂತ್ರವೇ, ಎಸ್‌ಎಚ್‌ಎ-1 ಆದರೂ, ಯಾದೃಚ್ಛಿಕವಾದ 12 ಚಿಹ್ನೆಗಳ ಎಲ್ಲ ಗುಪ್ತಪದಗಳನ್ನು ಪರೀಕ್ಷಿಸಲು 1,600 ವರ್ಷಕ್ಕೂ ಹೆಚ್ಚು ಕಾಲ ಬೇಕು. ಮೂರು ತಿಂಗಳಿಗೊಮ್ಮೆ ಸುಮ್ಮನೆ ಬದಲಿಸಬೇಕೆಂಬ ಹಳೆಯ ನಿಯಮವನ್ನು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕೈಬಿಟ್ಟಿತು. ಸೋರಿಕೆಯ ಸುಳಿವು ಕಂಡಾಗ ಬದಲಿಸುವುದೇ ಸರಿಯಾದ ಕ್ರಮ. ಎರಡು ಹಂತದ ದೃಢೀಕರಣ ಅಥವಾ ಪಾಸ್‌ಕೀ ಸೌಲಭ್ಯ ಇರುವಲ್ಲಿ ಅದನ್ನು ತಪ್ಪದೆ ಬಳಸಿ.

ಶಿಕ್ಷಕರಿಗೆ ಒಂದು ವಿಶೇಷ ಸೂಚನೆ. ವಿದ್ಯಾರ್ಥಿಗಳ ಖಾತೆಗೆ ಹುಟ್ಟಿದ ದಿನಾಂಕವನ್ನೇ ಗುಪ್ತಪದವಾಗಿ ಕೊಡುವ ರೂಢಿ ಅನೇಕ ಕಡೆ ಇದೆ. ಹತ್ತನೆಯ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷಗಳ ಅವಧಿಯೊಳಗೆ ಹುಟ್ಟಿದವರು. ಸಾಧ್ಯತೆಗಳು ಸುಮಾರು 730. ಇದಕ್ಕೆ ಗಣಕಸಮೂಹ ಬೇಡ, ತಾಳ್ಮೆಯುಳ್ಳ ಒಬ್ಬ ಸಹಪಾಠಿ ಸಾಕು!

ನಿಮ್ಮ ವಿಳಾಸ ಯಾವುದಾದರೂ ಸೋರಿಕೆಯಲ್ಲಿ ಕಂಡಿದೆಯೆ ಎಂದು ನೋಡಲು ಆಸ್ಟ್ರೇಲಿಯದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣವಿದೆ. ಗುಪ್ತಪದವನ್ನು ಪರೀಕ್ಷಿಸಲು 2018ರಿಂದ ಅದು ಬಳಸುತ್ತಿರುವ ವಿಧಾನ ಸೊಗಸಾಗಿದೆ. ನಿಮ್ಮ ಗಣಕ ಹ್ಯಾಶ್‌ನ ಮೊದಲ ಐದು ಚಿಹ್ನೆಗಳನ್ನು ಮಾತ್ರ ಕಳುಹಿಸುತ್ತದೆ. ಐದು ಚಿಹ್ನೆಗಳಿಂದ 16ರ 5ನೇ ಘಾತ, ಅಂದರೆ 10,48,576 ಗುಂಪುಗಳಾಗುತ್ತವೆ. ನಿಮ್ಮ ಗುಂಪಿನಲ್ಲಿರುವ ಸೋರಿದ ಹ್ಯಾಶ್‌ಗಳೆಲ್ಲ ಮರಳಿ ಬರುತ್ತವೆ, ಹೋಲಿಕೆ ನಡೆಯುವುದು ನಿಮ್ಮ ಗಣಕದಲ್ಲೇ. ಹೀಗೆ ನಿಮ್ಮ ಗುಪ್ತಪದ ಆ ತಾಣಕ್ಕೂ ತಿಳಿಯುವುದಿಲ್ಲ. ಆದರೆ ಇಲ್ಲೂ ಕೆಳಮಿತಿಯ ಪಾಠವನ್ನು ಮರೆಯಬೇಡಿ. ‘ಕಂಡಿದೆ’ ಎಂಬ ಉತ್ತರ ಖಚಿತ ಮಾಹಿತಿ. ‘ಕಂಡಿಲ್ಲ’ ಎಂಬುದರ ಅರ್ಥ, ಈವರೆಗೆ ಹೊರಬಂದ ಪಟ್ಟಿಗಳಲ್ಲಿ ಕಂಡಿಲ್ಲ ಎಂದಷ್ಟೆ. 2012ರಿಂದ 2016ರವರೆಗೆ 11 ಕೋಟಿಗೂ ಹೆಚ್ಚು ಖಾತೆಗಳು ಇದ್ದದ್ದು ಈ ‘ಕಂಡಿಲ್ಲ’ ಎಂಬ ವರ್ಗದಲ್ಲೇ.

ಮುಂದೆ ಇಂಥ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ಮೂರು ಪ್ರಶ್ನೆ ಕೇಳಿ. ಈ ಸಂಖ್ಯೆ ಕಳವಾದದ್ದನ್ನು ಅಳೆದು ಬಂದುದೆ, ಕಳ್ಳ ತೋರಿಸಿದ್ದನ್ನು ಎಣಿಸಿ ಬಂದುದೆ? ಗುಪ್ತಪದಗಳು ಯಾವ ರೂಪದಲ್ಲಿದ್ದವು? ರಕ್ಷಣಾಕ್ರಮ ಎಲ್ಲರಿಗೂ ಅನ್ವಯವಾಗಿದೆಯೆ, ಪಟ್ಟಿಯಲ್ಲಿದ್ದವರಿಗೆ ಮಾತ್ರವೆ? ಈ ಮೂರಕ್ಕೆ ಉತ್ತರವಿಲ್ಲದ ಪ್ರಕಟಣೆಯಲ್ಲಿರುವ ಸಂಖ್ಯೆಯ ಮುಂದೆ ‘ಕನಿಷ್ಠ’ ಎಂಬ ಪದವನ್ನು ನೀವೇ ಸೇರಿಸಿ ಓದಿಕೊಳ್ಳಿ.